ಹಾಲೂಡಿಸುವಾಗ ತೂಕ ಇಳಿಸುವ ಔಷಧ: ಯಾವುದು ಬೇಡ, ಯಾವುದಕ್ಕೆ ಕಾಯಬಹುದು, ಯಾವುದು ಈಗಲೇ ಆದೀತು

ಸಾಗರದ ಕಡೆಯ ಒಂದು ಸಣ್ಣ ಪೇಟೆಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಹದಿನಾಲ್ಕು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ. ಮೊದಲೆಲ್ಲ ಬಾಣಂತಿಯ ಮನೆಯವರು ಬಂದರೆ ಕೇಳುತ್ತಿದ್ದದ್ದು ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಹೊಟ್ಟೆಗೆ ಕಟ್ಟುವ ಬೆಲ್ಟು. ಈಚೆಗೆ ಬಾಣಂತಿಯರೇ ಬರುತ್ತಾರೆ. ಅಂಗಡಿಯಲ್ಲಿ ಬೇರೆಯವರು ಇಲ್ಲದ ಹೊತ್ತು ನೋಡಿ, ಮೊಬೈಲು ಮುಂದೆ ಹಿಡಿದು, ದನಿ ತಗ್ಗಿಸಿ ಕೇಳುತ್ತಾರೆ: "ಅಕ್ಕಾ, ಈ ಇಂಜೆಕ್ಷನ್ ನಿಮ್ಮಲ್ಲಿ ಸಿಗ್ತದಾ? ತಗಂಡ್ರೆ ಪಾಪುಗೆ ಎಂತ ಆಗಲ್ಲ ಅಲ್ದಾ?"

ಕಳೆದ ಮಳೆಗಾಲದಲ್ಲಿ ಹೀಗೆ ಕೇಳಿದವಳ ಮಗುವಿಗೆ ನಾಲ್ಕು ತಿಂಗಳು. ನಾದಿನಿಯ ಮದುವೆ ಹತ್ತಿರ ಬಂದಿತ್ತು, ಹಳೆಯ ರವಿಕೆ ತೋಳಿಗೇ ಏರುತ್ತಿರಲಿಲ್ಲ. ಬಂದವರೆಲ್ಲ ಮಗುವಿನ ಮುಖ ನೋಡಿದ ಮೇಲೆ ಇವಳ ಮೈ ನೋಡಿ ಒಂದು ಮಾತು ಹೇಳಿ ಹೋಗುತ್ತಿದ್ದರಂತೆ. ಹೇಳುತ್ತ ಹೇಳುತ್ತ ಕಣ್ಣು ತುಂಬಿಕೊಂಡಳು. ಅವಳಿಗೆ "ಇಲ್ಲಮ್ಮ, ಅದು ಕೊಡೋಕೆ ಬರಲ್ಲ" ಎಂದು ಕಳಿಸಿಬಿಡುವುದು ಸುಲಭವಿತ್ತು. ಆದರೆ ಹಾಗೆ ಕಳಿಸಿದವರು ಆನ್‌ಲೈನಿನಲ್ಲಿ ಇನ್ನೇನನ್ನೋ ತರಿಸಿಕೊಳ್ಳುತ್ತಾರೆ, ಅದೂ ನನಗೆ ಗೊತ್ತು. ಅವತ್ತು ಅರ್ಧ ಗಂಟೆ ನಿಂತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಇದನ್ನು ಓದಿಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋದರೆ ಕೇಳಬೇಕಾದ್ದನ್ನು ಸರಿಯಾಗಿ ಕೇಳಲು ಬರುತ್ತದೆ.

ಪ್ರಶ್ನೆ ಒಂದಲ್ಲ, ಎರಡು

ಎಲ್ಲರೂ ಕೇಳುವುದು ಒಂದೇ: ಔಷಧ ಹಾಲಿಗೆ ಇಳಿಯುತ್ತದಾ? ಅದರಷ್ಟೇ ಮುಖ್ಯವಾದ ಇನ್ನೊಂದನ್ನು ಯಾರೂ ಕೇಳುವುದಿಲ್ಲ: ಔಷಧದಿಂದ ಹಾಲೇ ಇಳಿದುಹೋಗುತ್ತದಾ?

ಮೊದಲನೆಯದಕ್ಕೆ ಒಂದು ಅಳತೆ ಇದೆ. ತಾಯಿ ತನ್ನ ತೂಕಕ್ಕೆ ಎಷ್ಟು ಔಷಧ ತೆಗೆದುಕೊಳ್ಳುತ್ತಾಳೆ, ಮಗುವಿಗೆ ಅದರ ತೂಕಕ್ಕೆ ಹಾಲಿನಿಂದ ಎಷ್ಟು ಸಿಗುತ್ತದೆ ಎಂದು ಹೋಲಿಸಿ ನೋಡುತ್ತಾರೆ. ಅದು ಶೇ. 10ಕ್ಕಿಂತ ಕಡಿಮೆ ಇದ್ದರೆ ಬಹುತೇಕ ಔಷಧಗಳಿಗೆ ಅಡ್ಡಿಯಿಲ್ಲ ಎಂಬುದು ವೈದ್ಯರು ಹಿಡಿಯುವ ಲೆಕ್ಕ. ಔಷಧದ ಅಣು ದೊಡ್ಡದಿದ್ದರೆ, ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಹಾಲಿಗೆ ದಾಟುವುದು ಕಷ್ಟ. ಸಣ್ಣ ಅಣು, ಜಿಡ್ಡಿನಲ್ಲಿ ಕರಗುವಂಥದ್ದು ಸುಲಭವಾಗಿ ದಾಟುತ್ತದೆ.

ಎರಡನೆಯದು ಊಟದ ಲೆಕ್ಕ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಆಮೇಲಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ. ಪ್ರೋಟೀನು ಮೊದಲ ಆರು ತಿಂಗಳು ಸುಮಾರು 17 ಗ್ರಾಂ ಜಾಸ್ತಿ ಬೇಕು. ತೂಕ ಇಳಿಸುವ ಔಷಧಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದೇ ಹಸಿವನ್ನು ಕೊಂದು. ಹೆಚ್ಚು ಉಣ್ಣಬೇಕಾದ ಕಾಲದಲ್ಲಿ ಊಟ ಸೇರದಂತೆ ಮಾಡುವ ಔಷಧ ಅದು. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಪೆನ್ನು

ಕೌಂಟರಿಗೆ ಬಂದವರು ಕೇಳುವ ಇಂಜೆಕ್ಷನ್ ಹೆಚ್ಚಾಗಿ ಇವೆರಡೇ: ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷ ಜೂನ್‌ನಲ್ಲಿ ನಮ್ಮ ದೇಶಕ್ಕೆ ಬಂದವು. ವೆಗೋವಿಯಲ್ಲಿ ಇರುವುದು ಸೆಮಾಗ್ಲುಟೈಡ್, ಮೌಂಜಾರೊದಲ್ಲಿ ಟಿರ್ಜೆಪಟೈಡ್. ಉಂಡಮೇಲೆ ಕರುಳಿನಿಂದ ಬರುವ ಹಾರ್ಮೋನಿನಂತೆ ನಟಿಸಿ, ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ, ಹಸಿವು ಕಡಿಮೆಯಾಗುವಂತೆ ಮಾಡುತ್ತವೆ. ಪರಿಣಾಮ ನಿಜಕ್ಕೂ ದೊಡ್ಡದು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿತು. 2022ರ ಇನ್ನೊಂದರಲ್ಲಿ ಟಿರ್ಜೆಪಟೈಡಿನ ಅತಿ ಹೆಚ್ಚಿನ ಡೋಸು 72 ವಾರದಲ್ಲಿ ಶೇ. 20ಕ್ಕೂ ಹೆಚ್ಚು ಇಳಿಸಿತು. ಎರಡರಲ್ಲೂ ಬಸುರಿಯರನ್ನಾಗಲಿ ಹಾಲೂಡಿಸುವವರನ್ನಾಗಲಿ ಸೇರಿಸಿಕೊಂಡಿರಲಿಲ್ಲ.

ಹಾಲಿಗೆ ಇಳಿಯುತ್ತದಾ? 2024ರಲ್ಲಿ ಅಮೆರಿಕದ ಸಂಶೋಧಕರು ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದ 8 ತಾಯಂದಿರ ಹಾಲನ್ನು ಚುಚ್ಚಿಕೊಂಡ ಹೊತ್ತಿಗೆ, 12 ಗಂಟೆಗೆ, 24 ಗಂಟೆಗೆ ತೆಗೆದು ಪರೀಕ್ಷಿಸಿದರು. ಯಾವ ಮಾದರಿಯಲ್ಲೂ ಔಷಧ ಪತ್ತೆಯಾಗಲಿಲ್ಲ. ಅಣು ದೊಡ್ಡದು, ಶೇ. 99ಕ್ಕೂ ಹೆಚ್ಚು ಪಾಲು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಚೂರು ದಾಟಿದರೂ ಪ್ರೋಟೀನಿನ ಜಾತಿಯದಾದ್ದರಿಂದ ಮಗುವಿನ ಹೊಟ್ಟೆಯಲ್ಲಿ ಬಹುತೇಕ ಜೀರ್ಣವಾಗಿಬಿಡುತ್ತದೆ. ಗೊತ್ತಿಲ್ಲದೆ ಒಂದೆರಡು ಡೋಸು ತೆಗೆದುಕೊಂಡು ಹೆದರಿ ಕೂತವರಿಗೆ ಇದು ಸಮಾಧಾನದ ಸಂಗತಿ. ಆದರೆ ಎಂಟು ಜನರ ಹಾಲು ನೋಡಿ ಊರಿಗೆಲ್ಲ ಅನುಮತಿ ಕೊಡಲು ಬರುವುದಿಲ್ಲ. ಕರುಳು ಇನ್ನೂ ಬಲಿಯದ, ದಿನ ತುಂಬದೆ ಹುಟ್ಟಿದ ಮಕ್ಕಳ ವಿಚಾರದಲ್ಲಂತೂ ಇನ್ನಷ್ಟು ಎಚ್ಚರ ಬೇಕು.

ಹಾಲು ಕಡಿಮೆಯಾಗುತ್ತದಾ? ನನಗೆ ಹೆದರಿಕೆ ಇರುವುದು ಇಲ್ಲಿ. ವಾಕರಿಕೆ, ವಾಂತಿ, ಭೇದಿ ಅಥವಾ ಮಲಬದ್ಧತೆ, ಇವು ಡೋಸು ಏರಿಸುವ ವಾರಗಳಲ್ಲಿ ಸಾಮಾನ್ಯ. ರಾತ್ರಿ ನಾಲ್ಕು ಸಲ ಎದ್ದು ಹಾಲು ಕೊಟ್ಟವಳು ಬೆಳಿಗ್ಗೆ ಒಂದು ರೊಟ್ಟಿಯನ್ನೂ ತಿನ್ನಲಾರದೆ, ನೀರೂ ಸೇರದೆ ಕೂತರೆ ಹಾಲು ಎಲ್ಲಿಂದ ಬರಬೇಕು? ಇನ್ನೊಂದಿದೆ. ನಮ್ಮ ಕಡೆ ಪೂರ್ತಿ ಸಸ್ಯಾಹಾರದ ಮನೆಗಳು ಬಹಳ. ಅಂಥ ತಾಯಂದಿರಲ್ಲಿ ಬಿ12 ವಿಟಮಿನ್ ಮೊದಲೇ ಕಡಿಮೆ ಇರುವುದು ಹೆಚ್ಚು, ಹಾಲಿನಲ್ಲೂ ಕಡಿಮೆಯಾಗುತ್ತದೆ. ಬಿ12 ಇಲ್ಲದ ಹಾಲು ಕುಡಿದ ಮಗು ರಕ್ತಹೀನತೆಗೆ ಒಳಗಾಗುತ್ತದೆ, ಬೆಳವಣಿಗೆ ಹಿಂದೆ ಬೀಳುತ್ತದೆ, ಕೈಕಾಲು ನಡುಗುವುದೂ ಉಂಟು. ಇರುವ ಮೊಸರು, ಹಾಲನ್ನೂ ಬೇಡವೆನಿಸುವ ಔಷಧ ಕೊಟ್ಟರೆ ಆ ಕೊರತೆ ಇನ್ನೂ ಆಳಕ್ಕೆ ಹೋಗುತ್ತದೆ. ಹಾಲಿನಲ್ಲಿ ಔಷಧ ಸಿಗಲಿಲ್ಲ ಎಂಬ ಪರೀಕ್ಷೆ ಇದನ್ನೆಲ್ಲ ಅಳೆಯುವುದಿಲ್ಲ.

ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಟಿರ್ಜೆಪಟೈಡಿಗೆ ಸುಮಾರು ಐದು ದಿನ. ಅಂದರೆ ಇವತ್ತು ಬಿಟ್ಟರೂ ಸೆಮಾಗ್ಲುಟೈಡ್ ಪೂರ್ತಿ ಹೋಗಲು ಐದಾರು ವಾರ. "ಚುಚ್ಚಿಕೊಂಡ ದಿನ ಹಾಲು ಹಿಂಡಿ ಚೆಲ್ತೀನಿ, ಮಾರನೇ ದಿನದಿಂದ ಕೊಡ್ತೀನಿ" ಎನ್ನುವ ಉಪಾಯಕ್ಕೆ ಹಾಗಾಗಿ ಅರ್ಥವಿಲ್ಲ. ಲಿರಾಗ್ಲುಟೈಡ್ ಎಂಬ ದಿನಕ್ಕೊಂದರ ಇಂಜೆಕ್ಷನ್ ಬೇಗ ಹೋಗುತ್ತದೆ, 13 ಗಂಟೆಗೆ ಅರ್ಧ. ತೊಂದರೆಯಾದರೆ ಮೂರು ದಿನದಲ್ಲಿ ಮೈ ಖಾಲಿ. ಹಸಿವಿನ ತೊಂದರೆ ಮಾತ್ರ ಅದರಲ್ಲೂ ಇದ್ದದ್ದೇ.

ಇನ್ನೊಂದು ಮಾತನ್ನು ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಲು ಆಗುವುದಿಲ್ಲ, ಇಲ್ಲಿ ಹೇಳುತ್ತೇನೆ. ಟಿರ್ಜೆಪಟೈಡ್ ಹೊಟ್ಟೆಯನ್ನು ನಿಧಾನ ಮಾಡುವುದರಿಂದ ಗರ್ಭನಿರೋಧಕ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರದೆ ಹೋಗಬಹುದು. ಶುರು ಮಾಡಿದ ಮೇಲೆ 4 ವಾರ, ಪ್ರತಿ ಸಲ ಡೋಸು ಏರಿಸಿದ ಮೇಲೆ ಮತ್ತೆ 4 ವಾರ, ಕಾಂಡೋಮ್ ಸೇರಿಸಬೇಕು ಅಥವಾ ಕಾಪರ್-ಟಿಯಂಥ ಬೇರೆ ದಾರಿಗೆ ಬದಲಾಗಬೇಕು. "ಹಾಲು ಕೊಡ್ತಾ ಇದೀನಲ್ಲ, ಬಸಿರು ನಿಲ್ಲಲ್ಲ" ಎನ್ನುವುದು ಮಗುವಿಗೆ ಆರು ತಿಂಗಳೊಳಗೆ, ಬರೀ ಎದೆಹಾಲು, ಇನ್ನೂ ಮುಟ್ಟು ಬಂದಿಲ್ಲ, ಈ ಮೂರೂ ಕೂಡಿದಾಗ ಮಾತ್ರ ನಂಬಬಹುದಾದದ್ದು. ಇನ್ನೊಂದು ಮಗು ಬೇಕು ಎಂದಿದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ 2 ತಿಂಗಳು ಮೊದಲೇ ಬಿಟ್ಟಿರಬೇಕು.



ಅದೇ ಔಷಧ ಮಾತ್ರೆಯಲ್ಲಿ

"ಚುಚ್ಚೋದು ಬೇಡ, ಮಾತ್ರೆ ಇದ್ಯಂತಲ್ಲ, ಅದು ಸೌಮ್ಯ ಅಲ್ದಾ?" ಎಂದು ಕೇಳುವವರು ಇದ್ದಾರೆ. ಹಾಲೂಡಿಸುವವರಿಗೆ ಇದು ತಿರುಗುಮುರುಗು. ಸೆಮಾಗ್ಲುಟೈಡಿನ ಮಾತ್ರೆ, ರೈಬೆಲ್ಸಸ್, ಸಕ್ಕರೆ ಕಾಯಿಲೆಗೆಂದು ಬಂದದ್ದು. ಇಷ್ಟು ದೊಡ್ಡ ಅಣು ಹೊಟ್ಟೆಯ ಗೋಡೆ ದಾಟಬೇಕಾದರೆ ಜೊತೆಗೊಂದು ತಳ್ಳುವ ವಸ್ತು ಬೇಕು. ಅದಕ್ಕಾಗಿ ಸಾಲ್ಕಾಪ್ರೊಜೇಟ್ ಸೋಡಿಯಂ ಎಂಬುದನ್ನು ಮಾತ್ರೆಯಲ್ಲಿ ಸೇರಿಸಿದ್ದಾರೆ. ಹಾಲೂಡಿಸುವ ಇಲಿಗಳಲ್ಲಿ ನೋಡಿದಾಗ ಈ ಸಹಾಯಕ ವಸ್ತು ಹಾಲಿಗೆ ಇಳಿದಿತ್ತು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಹಸುಗೂಸಿನ ಯಕೃತ್ತಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಹಾಗಾಗಿ ಹಾಲೂಡಿಸುವಾಗ ಈ ಮಾತ್ರೆ ಬೇಡ ಎಂದು ಅದರ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಇದೆ. ಎರಡರಲ್ಲಿ ಒಂದನ್ನು ಹೋಲಿಸಲೇಬೇಕು ಎಂದರೆ ಮಾತ್ರೆಯೇ ಹಿಂದೆ.

ಓರ್ಲಿಸ್ಟ್ಯಾಟ್

ಇದು ಹಸಿವಿನ ತಂಟೆಗೆ ಹೋಗುವುದಿಲ್ಲ. ಕರುಳಿನಲ್ಲಿ ಜಿಡ್ಡನ್ನು ಒಡೆಯುವ ಕಿಣ್ವವನ್ನು ತಡೆದು, ತಿಂದ ಜಿಡ್ಡಿನ ಸುಮಾರು ಶೇ. 30 ಪಾಲನ್ನು ಹಾಗೇ ಹೊರಗೆ ಕಳಿಸುತ್ತದೆ. ರಕ್ತಕ್ಕೆ ಸೇರುವುದು ತೀರಾ ಅಲ್ಪ. ಆದ್ದರಿಂದ ಮೊದಲ ಪ್ರಶ್ನೆಯಲ್ಲಿ ಇದು ಪಾಸು ಎನ್ನಬಹುದು.

ಎರಡನೆಯದರಲ್ಲಿ ಅಲ್ಲ. ಜಿಡ್ಡಿನ ಜೊತೆ ಎ, ಡಿ, ಇ, ಕೆ ವಿಟಮಿನ್ನುಗಳೂ ಹೊರಟುಹೋಗುತ್ತವೆ. ಎದೆಹಾಲಿನಲ್ಲಿ ಎ ವಿಟಮಿನ್ ಎಷ್ಟಿರುತ್ತದೆ ಎಂಬುದು ತಾಯಿಯ ಊಟದ ಮೇಲೆ ನಿಂತಿದೆ. ಯುರೋಪಿನಲ್ಲಿ ಇದರ ಅನುಮತಿ ಪತ್ರದಲ್ಲಿ ಹಾಲೂಡಿಸುವವರು ತೆಗೆದುಕೊಳ್ಳಕೂಡದು ಎಂದೇ ಇದೆ. ಯಾವುದೋ ಕಾರಣಕ್ಕೆ ಡಾಕ್ಟರು ಬರೆದೇ ಬರೆದರೆ, ರಾತ್ರಿ ಮಲಗುವಾಗ, ಓರ್ಲಿಸ್ಟ್ಯಾಟಿನಿಂದ ಕನಿಷ್ಠ 2 ಗಂಟೆ ದೂರದಲ್ಲಿ ವಿಟಮಿನ್ ಮಾತ್ರೆ ಬೇಕೇಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಮತ್ತೆ ಬಾಣಂತನದ ತುಪ್ಪ, ಕೊಬ್ಬರಿ ಊಟದ ಜೊತೆ ಇದನ್ನು ನುಂಗಿದರೆ ಮಲ ಎಣ್ಣೆ ಎಣ್ಣೆಯಾಗಿ ತಡೆಯಲಾರದಂತೆ ಬರುತ್ತದೆ. ಹೊಲಿಗೆ ಇನ್ನೂ ಹಸಿಯಿರುವವರಿಗೆ ಅದು ಎಂಥ ಹಿಂಸೆ ಎಂದು ಹೇಳಬೇಕಿಲ್ಲ. ಇಷ್ಟು ಪಟ್ಟರೂ ವರ್ಷಕ್ಕೆ ಸುಮ್ಮನೆ ಪಥ್ಯ ಮಾಡಿದವರಿಗಿಂತ ಹೆಚ್ಚು ಇಳಿಯುವುದು ಮೂರು ಕೆ.ಜಿ. ಆಸುಪಾಸು.

ಹಸಿವು ಕೊಲ್ಲುವ ಹಳೆಯ ಮಾತ್ರೆಗಳು

ಫೆಂಟರ್ಮಿನ್, ಅದರ ಜೊತೆ ಟೊಪಿರಮೇಟ್ ಬೆರೆಸಿದ್ದು, ಇವು ನೇರ ಬೇಡ. ಫೆಂಟರ್ಮಿನ್ ನರಗಳನ್ನು ಕೆರಳಿಸುವ ಔಷಧ, ಟೊಪಿರಮೇಟ್ ಹಾಲಿಗೆ ಇಳಿಯುವುದು ಗೊತ್ತಿರುವ ಸಂಗತಿ. ಸಿಬುಟ್ರಮಿನ್ ಎಂಬುದಂತೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡು 2011ರಲ್ಲೇ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಅದರ ಹೆಸರು ಇಲ್ಲಿ ತೆಗೆದದ್ದಕ್ಕೆ ಕಾರಣ ಕೆಳಗಿದೆ.

"ಗಿಡಮೂಲಿಕೆ ತಾನೇ"

ಅಂಗಡಿಗೆ ಬರುವ ಪ್ರಶ್ನೆಗಳಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದು, ಯಾಕೆಂದರೆ ಇದಕ್ಕೆ ಡಾಕ್ಟರ ಚೀಟಿ ಬೇಡ, ಡಾಕ್ಟರು ಬೇಡ, ಅತ್ತೆಯ ಒಪ್ಪಿಗೆಯೂ ಸುಲಭ.

ಗಾರ್ಸೀನಿಯಾ ಎಂದು ಡಬ್ಬಿಯ ಮೇಲೆ ಬರೆದಿರುವ ತೂಕದ ಕ್ಯಾಪ್ಸೂಲು ನೋಡಿರಬಹುದು. ಅದು ಬೇರೆ ಯಾವುದೂ ಅಲ್ಲ, ನಮ್ಮ ಕಾಡಿನ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣು ಹೆಕ್ಕಿ ತಂದು, ಸಿಪ್ಪೆ ಬಿಡಿಸಿ, ಬೆಂಕಿಯ ಕಾವಿನಲ್ಲಿ ಕಪ್ಪಾಗುವವರೆಗೆ ಒಣಗಿಸುವುದನ್ನು ನಾನು ಅಜ್ಜನ ಮನೆಯಲ್ಲಿ ನೋಡಿ ಬೆಳೆದವಳು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪವನ್ನು ದೋಸೆಗೆ ಹಾಕಿ ತಿಂದಿದ್ದೇನೆ. ಹುಳಿಗೆಂದು ಸಾರಿಗೆ ಹಾಕುವ ಒಂದೆರಡು ಎಸಳು ಬಾಣಂತಿಗೂ ಊಟವೇ. ಆದರೆ ಕ್ಯಾಪ್ಸೂಲಿನಲ್ಲಿ ಇರುವುದು ಆ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಹಿಂಡಿ ಗಟ್ಟಿ ಮಾಡಿದ್ದು. ಅಂಥ ಕ್ಯಾಪ್ಸೂಲು ನುಂಗಿದವರಲ್ಲಿ ಯಕೃತ್ತು ಕೆಟ್ಟ ವರದಿಗಳು ಹಲವು ದೇಶಗಳಿಂದ ಬಂದಿವೆ, ಕೆಲವರಿಗೆ ಯಕೃತ್ತಿನ ಕಸಿಯವರೆಗೆ ಹೋಗಿದೆ. ಹಸಿರು ಚಹಾದ ಗಟ್ಟಿ ಸಾರದ ಕ್ಯಾಪ್ಸೂಲಿಗೂ ಇದೇ ದೂರು. ನಮ್ಮೂರಿನ ಹಣ್ಣು ಎಂಬ ಅಭಿಮಾನ ನನಗೂ ಇದೆ, ಆ ಡಬ್ಬಿಯನ್ನು ಮಾತ್ರ ಬಾಣಂತಿಗೆ ಕೊಡಲಾರೆ.

ತೂಕ ಇಳಿಸುವ "ಚಹಾ"ಗಳಲ್ಲಿ ಹೆಚ್ಚಾಗಿ ಇರುವುದು ಸೋನಾಮುಖಿ. ಭೇದಿಯಾಗಿ ನೀರು ಹೋಗುತ್ತದೆ, ತಕ್ಕಡಿಯಲ್ಲಿ ಒಂದು ಕೆ.ಜಿ. ಕಮ್ಮಿ ಕಾಣುತ್ತದೆ, ಕೊಬ್ಬು ಇದ್ದಲ್ಲೇ ಇರುತ್ತದೆ. ಹಾಲಿಗೆ ಬೇಕಾದದ್ದು ಆ ನೀರೇ.

ಇನ್ನು ಹೆಸರಿಲ್ಲದ ಪುಡಿಗಳು. "ಏಳು ದಿನದಲ್ಲಿ ಐದು ಕೆ.ಜಿ." ಎಂದು ವಾಟ್ಸಾಪಿನಲ್ಲಿ ಬಂದು, ಕೊರಿಯರಿನಲ್ಲಿ ಮನೆ ಮುಟ್ಟುವಂಥವು. ಬೇರೆ ಬೇರೆ ದೇಶಗಳ ಔಷಧ ಇಲಾಖೆಗಳು ಇಂಥ "ನೈಸರ್ಗಿಕ" ಪುಡಿಗಳನ್ನು ಪರೀಕ್ಷಿಸಿದಾಗ ಒಳಗೆ ಮತ್ತೆ ಮತ್ತೆ ಸಿಕ್ಕಿರುವುದು ಅದೇ ನಿಷೇಧಿತ ಸಿಬುಟ್ರಮಿನ್. ಡಬ್ಬಿಯ ಮೇಲೆ ಹೆಸರೇ ಇಲ್ಲದ್ದನ್ನು ಹಾಲಿಗೆ ಇಳಿಯುತ್ತದಾ ಇಲ್ಲವಾ ಎಂದು ಯಾರ ಹತ್ತಿರ ಕೇಳುವುದು? ಇಡೀ ಪಟ್ಟಿಯಲ್ಲಿ ಅತಿ ಕೆಟ್ಟ ಆಯ್ಕೆ ಇದೇ.

ತೂಕಕ್ಕಲ್ಲದಿದ್ದರೂ ಹೆಸರು ಕೇಳಿಬರುವ ಎರಡು

ಮೆಟ್ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಪಿಸಿಒಡಿ ಎಂಬ ಅಂಡಾಶಯದ ತೊಂದರೆಗೆ ಕೊಡುವ ಮಾತ್ರೆ. ಹಾಲಿಗೆ ಇಳಿಯುವುದು ಶೇ. 1ರ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಹಾಲೂಡಿಸುತ್ತ ತೆಗೆದುಕೊಳ್ಳಬಹುದು ಎಂದು ವೈದ್ಯರು ಒಪ್ಪಿರುವ ಔಷಧ. ಬಸುರಿಯಲ್ಲಿ ಸಕ್ಕರೆ ಬಂದಿದ್ದವರು, ಪಿಸಿಒಡಿ ಇದ್ದವರು ಈ ಬಗ್ಗೆ ಕೇಳಬಹುದು. ತೂಕ ಇಳಿಯುವುದು ಸ್ವಲ್ಪವೇ, ಬರೀ ಅದಕ್ಕಾಗಿ ಬೇಡ. ಸಕ್ಕರೆ ಹಿಡಿತಕ್ಕೆ ಇನ್ಸುಲಿನ್ನೂ ಇದೆ, ಅದರಿಂದ ಮಗುವಿಗೆ ತೊಂದರೆಯಿಲ್ಲ.

ಥೈರಾಯ್ಡ್ ಮಾತ್ರೆ ನುಂಗಿದರೆ ತೂಕ ಇಳಿಯುತ್ತದೆ ಎಂದು ಅಕ್ಕನ ಡಬ್ಬಿಯಿಂದ ತೆಗೆದು ನುಂಗಿದವರನ್ನು ನೋಡಿದ್ದೇನೆ. ಕೊರತೆ ಇಲ್ಲದವರು ನುಂಗಿದರೆ ಎದೆ ಬಡಿತ ಏರುತ್ತದೆ, ನಿದ್ದೆ ಹೋಗುತ್ತದೆ. ಆದರೆ ಹೆರಿಗೆಯಾದ ವರ್ಷದೊಳಗೆ ಥೈರಾಯ್ಡ್ ಗ್ರಂಥಿ ಏರುಪೇರಾಗುವುದು ನೂರಕ್ಕೆ ಐದರಿಂದ ಹತ್ತು ತಾಯಂದಿರಲ್ಲಿ ಕಾಣುವಂಥದ್ದು. ಸುಸ್ತು, ಕೂದಲು ಉದುರುವುದು, ಮನಸ್ಸು ಕುಗ್ಗುವುದು, ಉಂಡದ್ದಕ್ಕಿಂತ ಹೆಚ್ಚು ತೂಕ, ಇವೆಲ್ಲ ಕೂಡಿ ಬಂದಿದ್ದರೆ ತೂಕದ ಔಷಧ ಹುಡುಕುವ ಮೊದಲು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಆ ಮಾತ್ರೆ ಹಾಲೂಡಿಸುವಾಗ ಪೂರ್ತಿ ಸುರಕ್ಷಿತ.

ಔಷಧವಿಲ್ಲದ ದಾರಿ, ನಮ್ಮ ಊಟದ ಒಳಗೇ

2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ತೂಕ ಹೆಚ್ಚಿದ್ದು ಬರೀ ಎದೆಹಾಲು ಕೊಡುತ್ತಿದ್ದ 40 ತಾಯಂದಿರಲ್ಲಿ ಒಂದು ಪಾಲಿನವರು ಹೆರಿಗೆಯಾಗಿ ನಾಲ್ಕು ವಾರದ ನಂತರ ದಿನಕ್ಕೆ 500 ಕ್ಯಾಲೊರಿ ಕಡಿಮೆ ಮಾಡಿ, ವ್ಯಾಯಾಮ ಮಾಡಿ ವಾರಕ್ಕೆ ಅರ್ಧ ಕೆ.ಜಿ.ಯಂತೆ ಇಳಿಸಿದರು. ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಬರಲಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಎಂದರೆ ನಾಲ್ಕು ತಿಂಗಳಿಗೆ ಎಂಟೂವರೆ ಕೆ.ಜಿ. ಆಸುಪಾಸು. ಅದರಾಚೆ ಅವಸರ ಬೇಡ. ದಿನಕ್ಕೆ 1800 ಕ್ಯಾಲೊರಿಗಿಂತ ಕೆಳಗೆ ಹೋಗದಿರುವುದು ಒಳ್ಳೆಯದು.

ನಮ್ಮಲ್ಲಿ ಬಾಣಂತನದ ತುಪ್ಪ, ಲೇಹ್ಯ, ಕೊಬ್ಬರಿ ಬೆಲ್ಲ ಮೂರು ತಿಂಗಳಿಗೆ ಮುಗಿಯಬೇಕಾದದ್ದು ವರ್ಷದವರೆಗೂ ಹಾಗೇ ನಡೆದುಬಿಡುತ್ತದೆ. ಅಲ್ಲಿ ಕೈ ಹಿಡಿಯಬಹುದು. ತವರಿನಲ್ಲಿ ಅಮ್ಮ ಪ್ರೀತಿಯಿಂದ ಬಡಿಸುವಾಗ "ಬೇಡ" ಅನ್ನಲು ಬರುವುದಿಲ್ಲ, ಅದಕ್ಕೆ ಅಮ್ಮನಿಗೇ ಈ ಲೆಕ್ಕ ಹೇಳಿ. ಬೆಳಿಗ್ಗೆ ನಾಲ್ಕು ಅಕ್ಕಿರೊಟ್ಟಿಯ ಜಾಗದಲ್ಲಿ ಎರಡು, ಜೊತೆಗೆ ಹೆಸರುಕಾಳಿನ ಪಲ್ಯ ದಂಡಿಯಾಗಿ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದು ಬಟ್ಟಲು, ಹುರುಳಿ ಸಾರು, ಒಂದೆಲಗದ ಅಥವಾ ದೊಡ್ಡಪತ್ರೆಯ ತಂಬುಳಿ. ಮೊಟ್ಟೆ, ಬಂಗುಡೆ ತಿನ್ನುವವರಿಗೆ ಇನ್ನೂ ಸುಲಭ. ಸಂಜೆಯ ಬೇಕರಿ ಬನ್ನು, ಸಿಹಿ ಕಾಫಿ ಎರಡನೇ ಲೋಟ, ಇವು ಹೋದರೆ ಹಾಲಿಗೆ ನಷ್ಟವಿಲ್ಲ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಸಿಗುವವರು ಬಿಡಬೇಡಿ, ಮೊಟ್ಟೆ ಕಾಳು ಅಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟಕ್ಕೆ ತೋಟದ ಕಡೆ ಹೋಗಲಾಗದಿದ್ದರೆ ಜಗುಲಿಯುದ್ದಕ್ಕೂ ಅರ್ಧ ಗಂಟೆ ಓಡಾಡಿದರೂ ಆಯಿತು. ಸಿಸೇರಿಯನ್ ಆದವರು ಡಾಕ್ಟರನ್ನು ಕೇಳಿ ಶುರು ಮಾಡಿ.

ಮಗುವಿನ ವಯಸ್ಸು ನೋಡಿ ನಾನು ಹೇಳುವುದು

ಆರು ತಿಂಗಳು ತುಂಬುವವರೆಗೆ ತೂಕದ ಯಾವ ಔಷಧವೂ ಬೇಡ. ಆಗ ಮಗುವಿನ ಊಟವೆಂದರೆ ಎದೆಹಾಲು ಒಂದೇ. ಆರರಿಂದ ಹನ್ನೆರಡು ತಿಂಗಳವರೆಗೂ ನನ್ನ ಉತ್ತರ ಬಹುಮಟ್ಟಿಗೆ ಅದೇ, ರಾಗಿ ಸರಿ, ಗಂಜಿ ಶುರುವಾಗಿದ್ದರೂ ಹಾಲಿನ ಪಾಲು ದೊಡ್ಡದೇ. ವರ್ಷ ಕಳೆದು, ಮಗು ಮನೆಯ ಊಟ ಚೆನ್ನಾಗಿ ಉಣ್ಣುತ್ತ ರಾತ್ರಿ ಒಂದೆರಡು ಸಲ ಮಾತ್ರ ಹಾಲು ಕುಡಿಯುವಾಗ ಮಾತು ಬೇರೆಯಾಗುತ್ತದೆ. ತಾಯಿಯ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30ರ ಮೇಲಿದ್ದರೆ, ಅಥವಾ 27ರ ಮೇಲಿದ್ದು ಬಿಪಿ, ಸಕ್ಕರೆಯಂಥದ್ದು ಜೊತೆಗಿದ್ದರೆ, ಡಾಕ್ಟರ ಜೊತೆ ಕೂತು ವಾರದ ಇಂಜೆಕ್ಷನ್ನಿನ ಬಗ್ಗೆ ಮಾತಾಡಲು ಅಡ್ಡಿಯಿಲ್ಲ. ಹಾಲು ಬಿಡಿಸಿದ ಮೇಲೆ ಶುರು ಮಾಡುವುದು ಎಲ್ಲಕ್ಕಿಂತ ನಿಶ್ಚಿಂತೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂದದ್ದು ಪ್ರಯೋಗದಲ್ಲೇ ಕಂಡಿದೆ. ಹಾಗಾಗಿ ಒಂದು ಮದುವೆಗೆಂದು ಎರಡು ತಿಂಗಳು ಚುಚ್ಚಿಕೊಳ್ಳುವ ಔಷಧ ಇದಲ್ಲ.

ಈಗಾಗಲೇ ತೆಗೆದುಕೊಂಡಿದ್ದೀರಾ? ಗಾಬರಿಯಾಗಿ ಹಾಲು ನಿಲ್ಲಿಸಬೇಡಿ. ಮುಂದಿನ ಡೋಸು ನಿಲ್ಲಿಸಿ ಡಾಕ್ಟರನ್ನು ಕಾಣಿ. ಅಷ್ಟರಲ್ಲಿ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತದಾ ನೋಡಿ. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರಬೇಕು, ಆಶಾ ಕಾರ್ಯಕರ್ತೆಯ ಹತ್ತಿರವೋ ಅಂಗನವಾಡಿಯಲ್ಲೋ ತೂಕ ಹಾಕಿಸಿ. ಹಾಲು ಕುಡಿಯಲು ಏಳದಷ್ಟು ಮಂಪರು, ತಡೆಯಿಲ್ಲದ ಅಳು, ನಡುಕ ಕಂಡರೆ ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್‌ಗೆ ಹೋಗಿ. ಹೋಗುವಾಗ ತಾಯಿ ಕಾರ್ಡು, ಮಗುವಿನ ತೂಕ ಬರೆದ ಪುಟ, ನುಂಗಿದ್ದರ ಡಬ್ಬಿ ಅಥವಾ ಪೆನ್ನು, ಪುಡಿಯಾಗಿದ್ದರೆ ಉಳಿದ ಪುಡಿಯನ್ನೂ ಪೊಟ್ಟಣದ ಸಮೇತ ಕೈಯಲ್ಲಿ ಹಿಡಿದುಕೊಂಡು ಹೋಗಿ.